ರಜೆಗೆ ಹೊರಡುವ ಮುಂಚೆ ಒಂದಿಷ್ಟು ಸ್ಪ್ಯಾನಿಶ್

ಬೇಸಿಗೆ ರಜೆ ಹತ್ತಿರ ಬರುತ್ತಿದೆ. ನಮ್ಮ ಕನ್ನಡ ಶಾಲೆಯ ಎಷ್ಟೋ ಮನೆಗಳಲ್ಲಿ ಈಗ ಮೆಕ್ಸಿಕೊ, ಕೋಸ್ಟರಿಕಾ, ಪೆರು, ಸ್ಪೇನ್ ಎಂದು ವಿಮಾನದ ಟಿಕೆಟ್ ಹುಡುಕುತ್ತಿರಬಹುದು. ಆ ದೇಶಗಳಿಗೆ ಹೋಗುವವರಿಗೆ ಹದಿನೈದು ಸ್ಪ್ಯಾನಿಶ್ ಮಾತುಗಳು ಬಂದರೆ ಪ್ರವಾಸವೇ ಬೇರೆ ಥರ ಆಗುತ್ತದೆ. ಅದನ್ನು ಕಲಿಯಲು ನಮಗೆ, ಅಂದರೆ ಕನ್ನಡ ಓದಲು ಬರುವವರಿಗೆ, ಬೇರೆಯವರಿಗಿಂತ ಸುಲಭ. ಹೇಗೆ ಎಂದು ಈ ಲೇಖನದಲ್ಲಿ ಹೇಳುತ್ತೇನೆ.

ನಾನು ಹೈಸ್ಕೂಲಿನಲ್ಲಿ ಮೂರನೇ ವರ್ಷ ಸ್ಪ್ಯಾನಿಶ್ ಓದುತ್ತಿದ್ದೇನೆ. ಕಳೆದ ಡಿಸೆಂಬರ್ ರಜೆಯಲ್ಲಿ ನಮ್ಮ ಮನೆಯವರೆಲ್ಲ ಮೆಕ್ಸಿಕೊದ ಯುಕಾತಾನ್ ರಾಜ್ಯಕ್ಕೆ ಹೋಗಿದ್ದೆವು. ಗದಗದಿಂದ ಬಂದಿದ್ದ ಅಜ್ಜಿ ಮೊದಲು ಬರುವುದಿಲ್ಲ ಎಂದೇ ಹೇಳಿದ್ದರು. "ನಾ ಅಲ್ಲಿ ಬಂದು ಏನ್ ತಿನ್ಲಿ? ನೀವ ಹೋಗಿ ಬರ್ರಿ" ಎನ್ನುವುದು ಅವರ ಮಾತು. ಅಜ್ಜಿ ಮಾಂಸ ಮಾತ್ರವಲ್ಲ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಇಂಗ್ಲಿಷ್ ಕೂಡ ಬರುವುದಿಲ್ಲ. ಹಾಗಾಗಿ ನಾನು ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಬೇಕಾದ ಮಾತುಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟೆ. ಅಜ್ಜಿ ಅದನ್ನು ದಿನಾ ಸಂಜೆ ಓದಿದರು. ಮೂರು ವಾರದಲ್ಲಿ ಅವರ ಉಚ್ಚಾರ ನನ್ನ ತರಗತಿಯ ಅನೇಕರಿಗಿಂತ ಚೆನ್ನಾಗಿತ್ತು.

ಕನ್ನಡ ಅಕ್ಷರ ಯಾಕೆ ಸರಿಹೊಂದುತ್ತದೆ?

ಇಂಗ್ಲಿಷ್‌ನಲ್ಲಿ ಒಂದೇ ಸ್ವರವನ್ನು ನಾಲ್ಕು ರೀತಿ ಓದುತ್ತಾರೆ. ಸ್ಪ್ಯಾನಿಶ್‌ನಲ್ಲಿ ಸ್ವರಗಳು ಐದೇ: ಆ, ಎ, ಇ, ಒ, ಉ. ಯಾವ ಪದದಲ್ಲಿ ಬಂದರೂ ಹೆಚ್ಚು ಕಡಿಮೆ ಅದೇ ಸದ್ದು. ಬರೆದ ಹಾಗೆ ಓದುವುದು ನಮಗೆ ಹೊಸದಲ್ಲ.

ಎರಡನೆಯದು ತ ಮತ್ತು ದ. ನನ್ನ ಅಮೆರಿಕನ್ ಗೆಳೆಯರು 'ಟಾಕೊ' ಎನ್ನುತ್ತಾರೆ, ಸ್ಪ್ಯಾನಿಶ್‌ನಲ್ಲಿ ಅದು 'ತಾಕೊ'. ನಾಲಿಗೆ ಹಲ್ಲಿಗೆ ತಾಗಬೇಕು. 'ತಾತ' ಎಂದು ಕರೆಯಲು ಬರುವ ಮಗುವಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಮೂರನೆಯದು ಞ. ಅಕ್ಷರಮಾಲೆ ಬರೆಯುವಾಗ "ಇದು ಎಲ್ಲೂ ಬರಲ್ಲ, ಯಾಕೆ ಕಲೀಬೇಕು?" ಎಂದು ನಾವೆಲ್ಲ ಕೇಳುತ್ತೇವಲ್ಲ? ಸ್ಪ್ಯಾನಿಶ್‌ನಲ್ಲಿ ತಲೆಯ ಮೇಲೆ ಅಲೆ ಇರುವ ಒಂದು ಅಕ್ಷರ ಇದೆ. ಅದರ ಸದ್ದು ಇದೇ ಞ. ಬಚ್ಚಲುಮನೆಗೆ 'ಬಾಞೊ', ನಾಳೆಗೆ 'ಮಾಞಾನಾ', ಚಿಕ್ಕ ಹುಡುಗನಿಗೆ 'ನಿಞೊ'.

ಒತ್ತಕ್ಷರವೂ ಸಹಾಯಕ್ಕೆ ಬರುತ್ತದೆ. 'ಪೆರೊ' ಎಂದರೆ ಆದರೆ, 'ಪೆರ್ರೊ' ಎಂದರೆ ನಾಯಿ. ಎರಡನೆಯದರಲ್ಲಿ ನಾಲಿಗೆಯನ್ನು ಚೆನ್ನಾಗಿ ಉರುಳಿಸಬೇಕು. 'ಕತೆ' ಮತ್ತು 'ಕತ್ತೆ' ಬೇರೆ ಎಂದು ಗೊತ್ತಿರುವವರಿಗೆ ಇದು ಕಷ್ಟವೇ?

ಮೊದಲು ಕಲಿಯಬೇಕಾದ ಮಾತುಗಳು

ಬ್ವೆನೊಸ್ ದಿಯಾಸ್: ಬೆಳಗಿನ ನಮಸ್ಕಾರ
ಬ್ವೆನಾಸ್ ತಾರ್ದೆಸ್: ಮಧ್ಯಾಹ್ನದ ನಮಸ್ಕಾರ
ಬ್ವೆನಾಸ್ ನೊಚೆಸ್: ರಾತ್ರಿಯ ನಮಸ್ಕಾರ
ಪೊರ್ ಫಾಬೊರ್: ದಯವಿಟ್ಟು
ಗ್ರಾಸಿಯಾಸ್: ಧನ್ಯವಾದ
ದಿಸ್ಕುಲ್ಪೆ: ಕ್ಷಮಿಸಿ, ಸ್ವಲ್ಪ ಇಲ್ಲಿ ನೋಡಿ
ಕ್ವಾಂತೊ ಕ್ವೆಸ್ತಾ?: ಎಷ್ಟಾಗುತ್ತದೆ?
ದೊಂದೆ ಎಸ್ತಾ ಎಲ್ ಬಾಞೊ?: ಬಾತ್‌ರೂಮ್ ಎಲ್ಲಿದೆ?
ಲಾ ಕ್ವೆಂತಾ, ಪೊರ್ ಫಾಬೊರ್: ಬಿಲ್ ಕೊಡಿ
ನೊ ಎಂತಿಯೆಂದೊ: ಅರ್ಥ ಆಗಲಿಲ್ಲ
ಮಾಸ್ ದೆಸ್ಪಾಸಿಯೊ: ಇನ್ನೂ ನಿಧಾನವಾಗಿ

ಒಂದು ಮಾತು ನೆನಪಿಡಿ. ಅಂಗಡಿಗೆ ಹೋದ ಕೂಡಲೇ ಬೆಲೆ ಕೇಳಬೇಡಿ. ಮೊದಲು 'ಬ್ವೆನಾಸ್ ತಾರ್ದೆಸ್' ಎನ್ನಿ. ಮೆಕ್ಸಿಕೊದಲ್ಲಿ ನಮಸ್ಕಾರ ಹೇಳದೆ ಮಾತು ಶುರು ಮಾಡಿದರೆ ಒರಟು ಅನ್ನಿಸುತ್ತದೆ. ಊಟ ಮಾಡುತ್ತಿರುವವರ ಪಕ್ಕ ಹಾದುಹೋಗುವಾಗ ಗುರುತಿಲ್ಲದವರೂ 'ಪ್ರೊಬೆಚೊ' ಎನ್ನುತ್ತಾರೆ. ಊಟ ಚೆನ್ನಾಗಿ ಆಗಲಿ ಎಂದು ಅರ್ಥ. ನಮ್ಮ ಅಜ್ಜಿಗೆ ತುಂಬಾ ಇಷ್ಟವಾದ ಪದ ಇದೇ.

ಸಸ್ಯಾಹಾರಿಗಳು ಗಮನಿಸಿ

'ಸಸ್ಯಾಹಾರಿ' ಎಂದು ಹೇಳಿದರೆ ಸಾಕು ಎಂದುಕೊಳ್ಳಬೇಡಿ. ಮೆಕ್ಸಿಕೊದಲ್ಲಿ 'ಕಾರ್ನೆ' ಎಂದರೆ ಮಾಂಸ, ಆದರೆ ಎಷ್ಟೋ ಜನರಿಗೆ ಅದು ದನದ ಮಾಂಸ ಮಾತ್ರ. 'ಸಿನ್ ಕಾರ್ನೆ', ಅಂದರೆ ಮಾಂಸ ಇಲ್ಲದೆ, ಎಂದು ಕೇಳಿದರೆ ಕೋಳಿ ಹಾಕಿ ಕೊಡಬಹುದು. ಆದ್ದರಿಂದ ಪೂರ್ತಿ ಹೇಳಿ:

"ನೊ ಕೊಮೊ ಕಾರ್ನೆ, ನಿ ಪೊಯೊ, ನಿ ಪೆಸ್ಕಾದೊ, ನಿ ವೆಬೊ." ನಾನು ಮಾಂಸ, ಕೋಳಿ, ಮೀನು, ಮೊಟ್ಟೆ ಯಾವುದನ್ನೂ ತಿನ್ನುವುದಿಲ್ಲ.

ಇನ್ನೂ ಎರಡು ಪದ ಗೊತ್ತಿರಬೇಕು. 'ಮಾಂತೆಕಾ' ಎಂದರೆ ಮೆಕ್ಸಿಕೊದಲ್ಲಿ ಹಂದಿಯ ಕೊಬ್ಬು. ಕಾಳಿನ ಪಲ್ಯವನ್ನು ಅನೇಕ ಕಡೆ ಇದರಲ್ಲೇ ಮಾಡುತ್ತಾರೆ. ಬೆಣ್ಣೆಗೆ ಅಲ್ಲಿ 'ಮಾಂತೆಕಿಯಾ' ಎನ್ನುತ್ತಾರೆ. ಗೊಂದಲ ಏನೆಂದರೆ ಅರ್ಜೆಂಟೀನಾಕ್ಕೆ ಹೋದರೆ 'ಮಾಂತೆಕಾ' ಎಂದರೇ ಬೆಣ್ಣೆ! ಎರಡನೆಯದು 'ಕಾಲ್ದೊ ದೆ ಪೊಯೊ', ಕೋಳಿಯ ಸಾರು. ಕೆಂಪಗೆ ಕಾಣುವ ಅನ್ನವನ್ನು ಎಷ್ಟೋ ಸಲ ಇದರಲ್ಲಿ ಬೇಯಿಸಿರುತ್ತಾರೆ. "ಯೆಬಾ ಮಾಂತೆಕಾ?" ಎಂದು ಕೇಳಿದರೆ ಅದರಲ್ಲಿ ಹಂದಿ ಕೊಬ್ಬು ಇದೆಯೇ ಎಂದು ಕೇಳಿದ ಹಾಗೆ.

ಬಾಯಾದೊಲಿದ್ ಊರಿನ ಒಂದು ಚಿಕ್ಕ ಖಾನಾವಳಿಯಲ್ಲಿ ಅಜ್ಜಿಯೇ ನೋಟ್‌ಬುಕ್ ನೋಡಿ ಈ ಪ್ರಶ್ನೆ ಕೇಳಿದರು. ಅಡುಗೆ ಮಾಡುವ ಹೆಂಗಸು ಹೊರಗೆ ಬಂದು, ಕಾಳಿನಲ್ಲಿ ಇದೆ, ಬೇಡ ಎಂದು ತಾವೇ ಹೇಳಿದರು. ಬದಲಿಗೆ ಬಿಸಿ ಮೆಕ್ಕೆಜೋಳದ ತೋರ್ತಿಯಾ, ಜೊತೆಗೆ 'ಸಿಕಿಲ್ ಪಾಕ್' ತಂದುಕೊಟ್ಟರು. ಹುರಿದ ಕುಂಬಳಬೀಜ, ಟೊಮೆಟೊ, ಕೊತ್ತಂಬರಿ, ಮೆಣಸಿನಕಾಯಿ ಹಾಕಿ ಅರೆದದ್ದು ಅದು. "ಇದು ಚಟ್ನಿನ ಅಲ್ಲೇನ?" ಎಂದು ಅಜ್ಜಿ ಎರಡು ಸಲ ಹಾಕಿಸಿಕೊಂಡರು. ತೋರ್ತಿಯಾದ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಸಿಟ್ಟು ಆಮೇಲೆ ರುಬ್ಬುತ್ತಾರೆ ಎಂದು ತಿಳಿದಾಗ, ಜೋಳದ ರೊಟ್ಟಿ ತಟ್ಟಿಯೇ ಬೆಳೆದ ಅಜ್ಜಿ ಅಡುಗೆಮನೆಯ ಬಾಗಿಲಲ್ಲೇ ನಿಂತು ನೋಡಿದರು.

ಖಾರ ತಿನ್ನದ ಮಕ್ಕಳು "ಪಿಕಾ?" ಎಂದು ಕೇಳಬೇಕು. ಖಾರ ಇದೆಯಾ ಎಂದು ಅರ್ಥ. ಯುಕಾತಾನ್‌ನ ಆಬಾನೆರೊ ಮೆಣಸಿನಕಾಯಿ ನಮ್ಮ ಬ್ಯಾಡಗಿಗಿಂತ ಎಷ್ಟೋ ಪಟ್ಟು ಖಾರ. ಹುಷಾರು!

ವ್ಯಾಕರಣದಲ್ಲಿ ನೆಂಟಸ್ತಿಕೆ

'ನನಗೆ ಕಾಫಿ ಇಷ್ಟ' ಎನ್ನುವುದನ್ನು ಇಂಗ್ಲಿಷ್‌ನಲ್ಲಿ 'ನಾನು' ಎಂದು ಶುರು ಮಾಡಬೇಕು. ಸ್ಪ್ಯಾನಿಶ್‌ನಲ್ಲಿ 'ಮೆ ಗುಸ್ತಾ ಎಲ್ ಕಾಫೆ', ಅಂದರೆ 'ನನಗೆ' ಎಂದೇ ಶುರು. ತಲೆನೋವಿಗೂ ಹಾಗೆಯೇ: 'ಮೆ ದ್ವೆಲೆ ಲಾ ಕಾಬೆಸಾ', ನನಗೆ ತಲೆ ನೋಯುತ್ತಿದೆ. ನಮ್ಮ ತರಗತಿಯಲ್ಲಿ ಎಲ್ಲರೂ ಇದಕ್ಕೆ ತಲೆ ಕೆರೆದುಕೊಳ್ಳುವಾಗ ನನಗೆ ಇದು ಮನೆಯ ಮಾತಿನ ಹಾಗೆ ಕೇಳಿಸಿತು. 'ನೀನು' ಮತ್ತು 'ನೀವು' ಇರುವಂತೆ ಅಲ್ಲಿ 'ತು' ಮತ್ತು 'ಉಸ್ತೆದ್' ಇವೆ. ಹಿರಿಯರಿಗೆ, ಗುರುತಿಲ್ಲದವರಿಗೆ 'ಉಸ್ತೆದ್'.

ಸಂಖ್ಯೆಗಳಿಗೆ ನಮ್ಮ ಸಂಸ್ಕೃತ ಪದಗಳು ನೆರವಾಗುತ್ತವೆ. ದೊಸ್, ತ್ರೆಸ್, ಸಿಯೆತೆ, ನ್ವೆಬೆ, ದಿಯೆಸ್ ಎನ್ನುವುದನ್ನು ದ್ವಿ, ತ್ರಿ, ಸಪ್ತ, ನವ, ದಶದ ಪಕ್ಕ ಇಟ್ಟು ನೋಡಿ. ಎರಡೂ ಒಂದೇ ಭಾಷಾ ಕುಟುಂಬದಿಂದ ಬಂದವು. ಅಜ್ಜಿ ಹೇಳುವ 'ಚಾವಿ' ಪೋರ್ಚುಗೀಸರಿಂದ ಬಂದ ಪದ. ಅದರ ಸ್ಪ್ಯಾನಿಶ್ ಬಂಧು 'ಯಾಬೆ'.

ಎಲ್ಲವೂ ಸುಲಭ ಎಂದಲ್ಲ. ಸ್ಪ್ಯಾನಿಶ್‌ನಲ್ಲಿ ಮೇಜು, ಕುರ್ಚಿ, ಪುಸ್ತಕಕ್ಕೂ ಲಿಂಗ ಇದೆ, ನಪುಂಸಕಲಿಂಗದ ನಾಮಪದವೇ ಇಲ್ಲ. ಅಜ್ಜಿ ತಮ್ಮನ್ನು 'ಬೆಹೆತಾರಿಯಾನಾ' ಎನ್ನಬೇಕು, ಅಪ್ಪ 'ಬೆಹೆತಾರಿಯಾನೊ'.

ಇನ್ನೊಂದು ವಿಷಯ

ಯುಕಾತಾನ್‌ನಲ್ಲಿ ಎಲ್ಲರ ಮನೆಮಾತು ಸ್ಪ್ಯಾನಿಶ್ ಅಲ್ಲ. ಮೆಕ್ಸಿಕೊದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ ಯುಕಾತಾನ್ ಮಾಯಾ ಭಾಷೆ ಆಡುತ್ತಾರೆ. ಆ ಖಾನಾವಳಿಯ ಹೆಂಗಸು ನಮ್ಮೊಡನೆ ಸ್ಪ್ಯಾನಿಶ್‌ನಲ್ಲಿ, ತಮ್ಮ ತಾಯಿಯೊಡನೆ ಮಾಯಾದಲ್ಲಿ ಮಾತಾಡುತ್ತಿದ್ದರು. ಅವರ ಮಗಳು ಮಾತ್ರ ಅಜ್ಜಿಗೆ ಸ್ಪ್ಯಾನಿಶ್‌ನಲ್ಲೇ ಉತ್ತರ ಕೊಡುತ್ತಿದ್ದಳು. ನಮ್ಮ ಎಷ್ಟೋ ಮನೆಗಳಲ್ಲಿ ಕನ್ನಡದ ಪ್ರಶ್ನೆಗೆ ಇಂಗ್ಲಿಷ್ ಉತ್ತರ ಬರುವುದು ನನಗೆ ನೆನಪಾಯಿತು. ಮಾಯಾದಲ್ಲಿ ಹೇಗಿದ್ದೀರಿ ಎನ್ನಲು 'ಬಿಶ್ ಆ ಬೇಲ್' ಎನ್ನುತ್ತಾರೆ. ನಿನ್ನ ದಾರಿ ಹೇಗಿದೆ ಎಂದು ಅದರ ನೇರ ಅರ್ಥ.

ಹೇಗೆ ಶುರು ಮಾಡುವುದು?

ಹೊರಡುವ ನಾಲ್ಕು ವಾರ ಮುಂಚೆ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದಿನಕ್ಕೆ ಒಂದೇ ಮಾತು ಸಾಕು. ಮಕ್ಕಳು ಕನ್ನಡದಲ್ಲಿ ಬರೆಯಲಿ, ದೊಡ್ಡವರು ಓದಲಿ. ಊಟದ ಹೊತ್ತಿನಲ್ಲಿ ನೀರು, ಉಪ್ಪು ಕೇಳುವಾಗ ಅದೇ ಮಾತು ಬಳಸಿ. ನೀರಿಗೆ 'ಆಗ್ವಾ', ಉಪ್ಪಿಗೆ 'ಸಾಲ್'. ಫೋನಿನ ಅನುವಾದ ಆ್ಯಪ್ ಜೊತೆಗಿರಲಿ, ಆದರೆ ಹಳ್ಳಿಯಲ್ಲಿ ಸಿಗ್ನಲ್ ಇಲ್ಲದಾಗ ಕೈಯಲ್ಲಿರುವ ನೋಟ್‌ಬುಕ್ಕೇ ಗತಿ. ಅಲರ್ಜಿ ಇರುವವರು, ಔಷಧಿ ತೆಗೆದುಕೊಳ್ಳುವವರು ಅದಕ್ಕೆ ಬೇಕಾದ ವಾಕ್ಯವನ್ನು ಮೊದಲ ಪುಟದಲ್ಲೇ ಬರೆದಿಡಿ.

ಎಲ್ಲರಿಗೂ ಬ್ವೆನ್ ಬಿಯಾಹೆ, ಅಂದರೆ ಶುಭ ಪ್ರಯಾಣ!