ಹೈದರಾಬಾದಿನ ಕಥೋಲಿಕ ಧರ್ಮಪ್ರಾಂತ್ಯ ಮತ್ತು ಕನ್ನಡ

ನಾಂಪಲ್ಲಿಯ ರೈಲು ನಿಲ್ದಾಣದಿಂದ ಆಬಿಡ್ಸಿನ ಮಾರ್ಗವಾಗಿ ಗನ್‌ಫೌಂಡ್ರಿಯತ್ತ ನಡೆದು ಹೋಗುವವರಿಗೆ ಸಂತ ಜೋಸೆಫರ ಪ್ರಧಾನಾಲಯದ ಅವಳಿ ಗೋಪುರಗಳು ಚಿರಪರಿಚಿತವಾದುವು. ಆದರೆ ಈ ದೇವಾಲಯವು ನಮ್ಮ ಕಲಬುರ್ಗಿ ಸೀಮೆಯ ಕಥೋಲಿಕ ಕ್ರೈಸ್ತರಿಗೂ 2005ರವರೆಗೆ ಪ್ರಧಾನಾಲಯವಾಗಿತ್ತೆಂಬ ಸಂಗತಿಯು ನಗರದ ಕನ್ನಡಿಗರಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ ಹೇಳಲಾಗದು. ಮನುಷ್ಯನ ಪ್ರಾರ್ಥನೆಯ ಭಾಷೆಯನ್ನು ನಿಶ್ಚಯಿಸುವುದು ಅವನ ಮನೆಮಾತೋ, ಅವನು ವಾಸಿಸುವ ನೆಲವೋ ಎಂಬ ಪ್ರಶ್ನೆ ಇದರ ಹಿಂದೆ ಅಡಗಿದೆ. ಹೊರನಾಡಿನಲ್ಲಿ ಬಾಳುವ ನಮಗೆ ಈ ಪ್ರಶ್ನೆ ಅನ್ಯವಾದುದಲ್ಲ.

ಮೊದಲಿಗೆ ಧರ್ಮಪ್ರಾಂತ್ಯವೆಂದರೇನೆಂಬುದನ್ನು ನೋಡೋಣ. ಕಥೋಲಿಕ ಧರ್ಮಸಭೆಯ ಬೋಧನೆಯಂತೆ ಬಿಷಪ್ಪರು, ಅಂದರೆ ಧರ್ಮಾಧ್ಯಕ್ಷರು, ಯೇಸುವಿನ ಪ್ರೇಷಿತರ ಉತ್ತರಾಧಿಕಾರಿಗಳು. ಅವರ ಪೀಠವಿರುವ ದೇವಾಲಯವೇ ಪ್ರಧಾನಾಲಯ. ಅವರ ಆಡಳಿತಕ್ಕೆ ಒಳಪಟ್ಟ ಸೀಮೆ ಧರ್ಮಪ್ರಾಂತ್ಯ. ಆ ಸೀಮೆಯು ಧರ್ಮಕೇಂದ್ರಗಳಾಗಿ ವಿಭಾಗಗೊಂಡು, ಒಂದೊಂದಕ್ಕೂ ಒಬ್ಬ ಗುರುಗಳು ನೇಮಕಗೊಳ್ಳುತ್ತಾರೆ. 'ಪೀಠ' ಎಂಬ ಶಬ್ದವನ್ನು ಕೇಳಿದೊಡನೆ ನಮಗೆ ಮಠಗಳ ನೆನಪಾಗುವುದು ಸಹಜ. ಆದರೆ ಇಲ್ಲೊಂದು ಮುಖ್ಯ ಭೇದವಿದೆ. ಮಠಕ್ಕೆ ನಡೆದುಕೊಳ್ಳುವ ಭಕ್ತನು ಎಲ್ಲಿದ್ದರೂ ಆ ಮಠದವನೇ. ಅವನ ಸಂಬಂಧ ಪರಂಪರೆಯದು. ಕಥೋಲಿಕನ ಸಂಬಂಧವಾದರೋ ಸಾಮಾನ್ಯವಾಗಿ ನೆಲೆಯದು. ಮುದಗಲ್ಲಿನವನಾಗಲಿ, ಮಂಗಳೂರಿನವನಾಗಲಿ, ಹೈದರಾಬಾದಿಗೆ ಬಂದು ನೆಲೆಸಿದನೆಂದರೆ ಅವನು ತಾನು ವಾಸಿಸುವ ಬಡಾವಣೆಯ ಧರ್ಮಕೇಂದ್ರಕ್ಕೆ ಸೇರಿದವನಾಗುತ್ತಾನೆ. ಆದುದರಿಂದ ಎಲ್ಲೆಯ ಗೆರೆಯೊಂದು ಸರಿದರೆ ಮಗುವು ಧರ್ಮೋಪದೇಶವನ್ನು ಕಲಿಯುವ ಭಾಷೆಯೂ ಬದಲಾಗಬಹುದು.

ಹೈದರಾಬಾದಿನ ಎಲ್ಲೆಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. 1851ರಲ್ಲಿ ಇದು ಮದ್ರಾಸಿನಿಂದ ಬೇರ್ಪಟ್ಟು ಪ್ರತ್ಯೇಕ ವಿಕಾರಿಯೇಟ್ ಆಯಿತು. ಐರ್ಲೆಂಡಿನ ಡೇನಿಯಲ್ ಮರ್ಫಿಯವರು ಅದರ ಮೊದಲ ಮುಖ್ಯಸ್ಥರಾದರು. 1855ರಿಂದ ಇಟಲಿಯ ಮಿಲಾನಿನ ಮಿಶನರಿಗಳು ಬಂದು ಕಾರ್ಯಭಾರ ವಹಿಸಿಕೊಂಡರು. ಗನ್‌ಫೌಂಡ್ರಿಯ ದೇವಾಲಯವು 1870ರ ದಶಕದಲ್ಲಿ ನಿರ್ಮಾಣಗೊಂಡಿತು. ವಿಕಾರಿಯೇಟ್ 1886ರಲ್ಲಿ ಧರ್ಮಪ್ರಾಂತ್ಯವಾಗಿಯೂ 1953ರಲ್ಲಿ ಮಹಾಧರ್ಮಪ್ರಾಂತ್ಯವಾಗಿಯೂ ಏರಿತು. ಮೊದಲ ಮಹಾಧರ್ಮಾಧ್ಯಕ್ಷರು ಜೋಸೆಫ್ ಮಾರ್ಕ್ ಗೋಪು ಅವರು. ಇಲ್ಲಿಯ ಮಹಾಧರ್ಮಾಧ್ಯಕ್ಷರಾದ ಆಂಟನಿ ಪೂಲ ಅವರು 2022ರಲ್ಲಿ ಕಾರ್ಡಿನಲ್ ಪದವಿಗೇರಿದಾಗ, ಆ ಪದವಿಯನ್ನು ಪಡೆದ ಮೊದಲ ದಲಿತರೆಂಬ ಕೀರ್ತಿಗೆ ಪಾತ್ರರಾದರು.

ನಿಜಾಮರ ಸಂಸ್ಥಾನದಲ್ಲಿ ತೆಲುಗು, ಮರಾಠಿ, ಕನ್ನಡ ಸೀಮೆಗಳು ಒಂದೇ ಆಳ್ವಿಕೆಯಲ್ಲಿದ್ದುವು; ರಾಜ್ಯದ ಭಾಷೆ ಉರ್ದು. 1956ರ ನವೆಂಬರ್ 1ರಂದು ಭಾಷಾನುಗುಣವಾಗಿ ರಾಜ್ಯಗಳು ಪುನರ್ವಿಂಗಡಣೆಗೊಂಡಾಗ ಕಲಬುರ್ಗಿ, ರಾಯಚೂರು, ಬೀದರ ಸೀಮೆಗಳು ಮೈಸೂರು ರಾಜ್ಯಕ್ಕೆ ಸೇರಿದುವು. ಆದರೆ ಧರ್ಮಸಭೆಯ ಎಲ್ಲೆಗಳು ರಾಜ್ಯದ ಎಲ್ಲೆಗಳೊಡನೆ ತಾವಾಗಿ ಸರಿಯುವುದಿಲ್ಲ. ಕಲಬುರ್ಗಿಯ ಕಥೋಲಿಕರು ವಿಧಾನಸಭೆಗೆ ಬೆಂಗಳೂರಿನತ್ತ ನೋಡಿದರು. ಧರ್ಮಾಧ್ಯಕ್ಷರ ಆದೇಶಕ್ಕೆ ಹೈದರಾಬಾದಿನತ್ತಲೇ ನೋಡುತ್ತಿದ್ದರು. 2005ರ ಜೂನ್ 24ರಂದು ಕಲಬುರ್ಗಿಯು ಸ್ವತಂತ್ರ ಧರ್ಮಪ್ರಾಂತ್ಯವಾಗಿ ಬೆಂಗಳೂರು ಮಹಾಧರ್ಮಪ್ರಾಂತ್ಯದ ವ್ಯಾಪ್ತಿಗೆ ಬಂದಿತು. ನಾಡು ಒಂದಾದ 49 ವರ್ಷಗಳ ತರುವಾಯ ಅಲ್ಲಿನ ಈ ಸಣ್ಣ ಸಮುದಾಯಕ್ಕೆ ಏಕೀಕರಣವು ಪೂರ್ಣವಾಯಿತೆನ್ನಬಹುದು.

ಈ ಸೀಮೆಯ ಕ್ರೈಸ್ತರು ಹೊಸಬರೆಂಬ ಭಾವನೆಯೂ ಸರಿಯಲ್ಲ. ಇಂದು ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿರುವ ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಆದಿಲ್‌ಶಾಹಿಗಳ ಕಾಲದಿಂದಲೂ ಕಥೋಲಿಕರ ನೆಲೆಯಿದೆ. ಅಲ್ಲಿಯ ದೇವಾಲಯವು 1557ಕ್ಕೂ ಹಿಂದಿನದೆಂದು ಗ್ಯಾಸೆಟಿಯರುಗಳು ಹೇಳುತ್ತವೆ. ಸಂತ ಫ್ರಾನ್ಸಿಸ್ ಕ್ಸೇವಿಯರರ ಅನುಯಾಯಿಯೊಬ್ಬರು ಈ ಸಮುದಾಯಕ್ಕೆ ದೀಕ್ಷೆಯಿತ್ತರೆಂಬ ಐತಿಹ್ಯವೂ ಪ್ರಚಲಿತವಾಗಿದೆ. ಐತಿಹ್ಯದ ವಿವರಗಳನ್ನು ಬದಿಗಿಟ್ಟರೂ, ಹೈದರಾಬಾದಿನ ಪೀಠಕ್ಕಿಂತಲೂ ಪ್ರಾಚೀನವಾದ ಕ್ರೈಸ್ತ ಸಮುದಾಯವೊಂದು ಕನ್ನಡ ನೆಲದಲ್ಲಿ ಬೇರೂರಿದ್ದಿತೆಂಬುದು ಗಮನಾರ್ಹ.

ಇನ್ನು ಭಾಷೆಯ ವಿಚಾರ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಆರಾಧನಾವಿಧಿಯ ಸಂವಿಧಾನವನ್ನು ಪ್ರಕಟಿಸಿ ದೇಶಭಾಷೆಗಳಿಗೆ ದ್ವಾರವನ್ನು ತೆರೆಯುವವರೆಗೆ ಪೂಜೆಯು ಲ್ಯಾಟಿನ್ ಭಾಷೆಯಲ್ಲಿಯೇ ನಡೆಯುತ್ತಿತ್ತು. ಆದರೂ ಮನೆಯ ಜಪ, ಗುರುಗಳ ಪ್ರವಚನ, ಮಕ್ಕಳ ಧರ್ಮೋಪದೇಶ ಇವು ಜನರ ಭಾಷೆಯಲ್ಲಿಯೇ ನಡೆಯಬೇಕಷ್ಟೆ. ಆ ಅಗತ್ಯದಿಂದಲೇ 17ನೆಯ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಮಿಯವರು ಕನ್ನಡವನ್ನು ಕಲಿತು ಧರ್ಮೋಪದೇಶವನ್ನೂ ವ್ಯಾಕರಣವನ್ನೂ ರಚಿಸಿದರು.

ಹೀಗೆ ಬೆಳೆದು ಬಂದ ಪರಿಭಾಷೆಯನ್ನು ಪರಿಶೀಲಿಸಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಧರ್ಮಸಭೆಯು ಏಳು ಸಂಸ್ಕಾರಗಳನ್ನು ಬೋಧಿಸುತ್ತದೆ. ಮೊದಲನೆಯದು ಜ್ಞಾನಸ್ನಾನ; ಇದಕ್ಕೆ ದೀಕ್ಷಾಸ್ನಾನವೆಂದೂ ಹೆಸರು. ಇದರಿಂದ ಮನುಷ್ಯನು ಸಭೆಯ ಸದಸ್ಯನಾಗುತ್ತಾನೆ. ಎಲ್ಲಕ್ಕೂ ಕೇಂದ್ರವಾದುದು ಬಲಿಪೂಜೆ. ಅದರಲ್ಲಿ ರೊಟ್ಟಿಯೂ ದ್ರಾಕ್ಷಾರಸವೂ ಕ್ರಿಸ್ತನ ಶರೀರ–ರಕ್ತಗಳಾಗುತ್ತವೆಂಬುದು ಕಥೋಲಿಕರ ದೃಢ ವಿಶ್ವಾಸ. ಅದನ್ನು ಸ್ವೀಕರಿಸುವುದಕ್ಕೆ 'ಪರಮಪ್ರಸಾದ'ವೆಂದು ಹೆಸರು. ತಪಸ್ಸುಕಾಲದ ಆರಂಭದಲ್ಲಿ ಹಣೆಗೆ ಬೂದಿಯನ್ನಿಡುವ ದಿನ 'ವಿಭೂತಿ ಬುಧವಾರ'. ಗುರು, ಪ್ರಸಾದ, ವಿಭೂತಿ ಈ ಮೂರೂ ವೀರಶೈವರ ಅಷ್ಟಾವರಣಗಳಲ್ಲಿ ಬರುವ ಶಬ್ದಗಳೆಂಬುದನ್ನು ವಾಚಕರಿಗೆ ಬೇರೆಯಾಗಿ ಹೇಳಬೇಕಿಲ್ಲ. ಅರ್ಥವು ಬೇರೆ, ತತ್ತ್ವವು ಬೇರೆ. ಆದರೆ ಕಿವಿಗೆ ಬೀಳುವ ನುಡಿ ನಮ್ಮದೇ. ಹೊರಗಿನಿಂದ ಬಂದ ಧರ್ಮವು ನಾಡಿನ ಮನಸ್ಸನ್ನು ಪ್ರವೇಶಿಸಿದುದು ಈ ಶಬ್ದಗಳ ಬಾಗಿಲಿನಿಂದ.

ಕನ್ನಡದ ಕಥೋಲಿಕ ಕುಟುಂಬವೊಂದು ಹೈದರಾಬಾದಿಗೆ ಬಂದಾಗ ಕಳೆದುಕೊಳ್ಳುವ ಭಯವಿರುವುದು ಇದನ್ನೇ. ಇಲ್ಲಿಯ ಪೂಜೆಗಳಲ್ಲಿ ತೆಲುಗು ಮತ್ತು ಇಂಗ್ಲಿಷಿಗೆ ಪ್ರಾಧಾನ್ಯವಿರುವುದು ನ್ಯಾಯವೇ. ಅದರಲ್ಲಿ ಯಾರ ದೋಷವೂ ಇಲ್ಲ. ಸಂಸ್ಕಾರವು ಯಾವ ಭಾಷೆಯಲ್ಲಿ ನಡೆದರೂ ಅದರ ಫಲಕ್ಕೆ ಕೊರತೆಯಿಲ್ಲವೆಂದು ಧರ್ಮಸಭೆಯು ಬೋಧಿಸುತ್ತದೆ. ಆದರೆ ತಾಯಿಯು 'ಪರಮಪ್ರಸಾದ'ವೆಂದುದನ್ನು ಮಗಳು ಇಂಗ್ಲಿಷಿನಲ್ಲಿ ಮಾತ್ರ ಅರಿತಾಗ, ಜಪಸರವನ್ನು ಹಿಡಿದು ಅಜ್ಜಿ ಹೇಳಿಕೊಡುತ್ತಿದ್ದ ಜಪವು ಒಂದು ತಲೆಮಾರಿನಲ್ಲಿಯೇ ನಿಂತುಹೋಗುತ್ತದೆ.

ಇದಕ್ಕೆ ಉಪಾಯವಿಲ್ಲದಿಲ್ಲ. 1983ರ ಧರ್ಮಸಭಾ ಸಂಹಿತೆಯ 518ನೆಯ ವಿಧಿಯು, ಧರ್ಮಕೇಂದ್ರವು ಸಾಮಾನ್ಯವಾಗಿ ಪ್ರದೇಶವನ್ನು ಅನುಸರಿಸಬೇಕೆಂದು ಹೇಳಿ, ಅವಶ್ಯವಿದ್ದಲ್ಲಿ ಭಾಷೆಯನ್ನು ಅನುಸರಿಸಿಯೂ ಸ್ಥಾಪಿಸಬಹುದೆಂದು ಸಮ್ಮತಿಸುತ್ತದೆ. ಅಷ್ಟು ದೂರ ಹೋಗುವ ಮೊದಲೇ ನಮ್ಮಂಥ ಸಂಘಗಳು ಮಾಡಬಹುದಾದ ಕಾರ್ಯವೊಂದಿದೆ. ಕನ್ನಡ ಸಂಸ್ಕೃತಿಯೆಂದಾಗ ನಾವು ಜೈನ, ವೀರಶೈವ, ವೈಷ್ಣವ ಪರಂಪರೆಗಳನ್ನು ಎಣಿಸುತ್ತೇವೆ. ಕ್ರೈಸ್ತರ ವಿಷಯದಲ್ಲಿ ಕಿಟ್ಟೆಲರ ನಿಘಂಟನ್ನು ಸ್ಮರಿಸಿ ಸುಮ್ಮನಾಗುತ್ತೇವೆ. ಕಲಬುರ್ಗಿ, ಬೀದರ, ರಾಯಚೂರುಗಳಿಂದ ಬಂದ ಕಥೋಲಿಕ ಮನೆತನಗಳಲ್ಲಿ ಉಳಿದಿರಬಹುದಾದ ಹಳೆಯ ಕನ್ನಡ ಜಪಪುಸ್ತಕಗಳನ್ನೂ, ಹಿರಿಯರ ಬಾಯಲ್ಲಿರುವ ಕೀರ್ತನೆಗಳನ್ನೂ ಸಂಗ್ರಹಿಸುವುದು ಧರ್ಮಕಾರ್ಯಕ್ಕಿಂತ ಮೊದಲು ಭಾಷಾಕಾರ್ಯ. ಹೊರನಾಡಿನಲ್ಲಿ ಕನ್ನಡವು ಉಳಿಯುವುದು ಸಭೆ–ಸಮಾರಂಭಗಳಲ್ಲಿ ಮಾತ್ರವಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಮನೆಯವರು ಯಾವ ನುಡಿಯಲ್ಲಿ ದೇವರನ್ನು ಕರೆಯುತ್ತಾರೋ ಅಲ್ಲಿಯೂ ಉಳಿಯುತ್ತದೆ.