ವಿದೇಶಕ್ಕೆ ಸ್ವಯಂಸೇವೆಗೆ ಹೋಗುವ ಮೊದಲು ಒಂದು ಲೆಕ್ಕ

ಸೆಮಿಸ್ಟರ್ ರಜೆ ಹತ್ತಿರ ಬಂತು ಅಂದ್ರೆ ಇನ್‌ಸ್ಟಾಗ್ರಾಮಿನಲ್ಲಿ ಒಂದು ಜಾಹೀರಾತು ಬಂದೇ ಬರ್ತದೆ. ಆರು ವಾರ ವಿದೇಶ, ಅಲ್ಲಿನ ಶಾಲೆಯಲ್ಲಿ ಪಾಠ, ಕೊನೆಗೊಂದು ಸರ್ಟಿಫಿಕೇಟ್. ಮಕ್ಕಳ ಮಧ್ಯೆ ನಗುತ್ತಾ ನಿಂತ ವಿದ್ಯಾರ್ಥಿಯ ಫೋಟೋ ಬೇರೆ. ರೆಸ್ಯೂಮಿಗೆ ಒಳ್ಳೇದು, ಎಂಎಸ್ ಅಪ್ಲಿಕೇಶನಿಗೆ ಒಳ್ಳೇದು, ಒಂದು ದೇಶ ನೋಡಿದ ಹಾಗೂ ಆಯ್ತು. ಆದರೆ ದುಡ್ಡು ಹೋಗುವುದು ಹೆಚ್ಚಾಗಿ ಮನೆಯವರ ಕಿಸೆಯಿಂದ. ಅಲ್ಲಿ ನಾವು ಮಾಡುವ ಕೆಲಸದ ಪರಿಣಾಮ ಆಗುವುದು ಬೇರೆಯವರ ಊರಿನ ಮೇಲೆ. ಹಾಗಾಗಿ ಇದು ನಡೆಯುವುದು ಹೇಗೆ ಅಂತ ಸ್ವಲ್ಪ ತಿಳ್ಕೊಂಡು ಹೊರಡುವುದು ಒಳ್ಳೆಯದು.

ಎಲ್ಲವೂ ಒಂದೇ ಅಲ್ಲ

ಮೊದಲನೆಯದು ದೀರ್ಘಾವಧಿಯ ಸೇವೆ. ಅಮೆರಿಕದ ಪೀಸ್ ಕೋರ್ 1961ರಲ್ಲಿ ಶುರುವಾಯಿತು. ಅದರ ಸ್ವಯಂಸೇವಕರು ಭಾರತಕ್ಕೂ ಬಂದು 1976ರವರೆಗೆ ಕೆಲಸ ಮಾಡಿದ್ದರು. ಅವರ ಪದ್ಧತಿ ಅಂದರೆ ಸುಮಾರು ಮೂರು ತಿಂಗಳು ತರಬೇತಿ, ಅದರಲ್ಲಿ ಭಾಷೆಯೂ ಸೇರಿ, ಆಮೇಲೆ ಎರಡು ವರ್ಷ ಕೆಲಸ. ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆ 1970ರದ್ದು. ಅಲ್ಲಿ ಆಯ್ಕೆಯಾಗಿ ಹೋದವರಿಗೆ ತಿಂಗಳ ಖರ್ಚಿಗೆ ಭತ್ಯೆ ಕೊಡ್ತಾರೆ.

ಎರಡನೆಯದು ವಿದ್ಯಾರ್ಥಿ ಸಂಘಟನೆಗಳದ್ದು. 1948ರಲ್ಲಿ ಹುಟ್ಟಿದ ಐಸೆಕ್ ಹೆಸರು ನೀವು ಕೇಳಿರಬಹುದು. ಇದರಲ್ಲಿ ಅವಧಿ ಕೆಲವು ವಾರ ಮಾತ್ರ. ಶುಲ್ಕ, ವಿಮಾನದ ಟಿಕೆಟು ನಮ್ಮದೇ.

ಮೂರನೆಯದು ಸ್ವಯಂಸೇವೆಯನ್ನು ಪ್ಯಾಕೇಜ್ ಟೂರಿನ ಹಾಗೆ ಮಾರುವ ಕಂಪೆನಿಗಳು. ಸೋಮವಾರದಿಂದ ಶುಕ್ರವಾರ ಸೇವೆ, ವಾರಾಂತ್ಯಕ್ಕೆ ಸಫಾರಿ.

ಶುಲ್ಕ ಕೇಳಿದ ಕೂಡಲೇ ಮೋಸ ಅಂತ ಹೇಳ್ಲಿಕ್ಕಾಗುವುದಿಲ್ಲ. ನಮಗೆ ಊಟ, ವಸತಿ ಕೊಡ್ಲಿಕ್ಕೂ ಯಾರಿಗೋ ಖರ್ಚು ಉಂಟು. ಆದರೆ ನಾವು ಕೊಟ್ಟದ್ದರಲ್ಲಿ ಆ ಶಾಲೆಗೆ ಅಥವಾ ಆಸ್ಪತ್ರೆಗೆ ಎಷ್ಟು ಮುಟ್ಟುತ್ತದೆ ಅಂತ ಕೇಳಿದರೆ ಉತ್ತರ ಬರಬೇಕು.

ಸ್ವಲ್ಪ ತಿರುಗಿಸಿ ನೋಡುವಾ

ಬಿ.ಸಿ.ರೋಡಿನಿಂದ ಬೆಳ್ತಂಗಡಿಗೆ ಹೋಗುವ ದಾರಿಯ ಒಂದು ಸರಕಾರಿ ಪ್ರಾಥಮಿಕ ಶಾಲೆಯನ್ನು ಕಲ್ಪಿಸಿಕೊಳ್ಳಿ. ಮಕ್ಕಳು ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಮಾತಾಡ್ತಾರೆ, ಶಾಲೆಯಲ್ಲಿ ಕನ್ನಡ ಕಲಿಯುತ್ತಾರೆ. ಅಲ್ಲಿಗೆ ಜರ್ಮನಿಯಿಂದ ಹತ್ತೊಂಬತ್ತು ವರ್ಷದ ಒಬ್ಬ ಹುಡುಗ ಮೂರು ವಾರಕ್ಕೆ ಬಂದ ಅಂತ ಇಟ್ಟುಕೊಳ್ಳಿ. ಅವನಿಗೆ ಈ ಯಾವ ಭಾಷೆಯೂ ಗೊತ್ತಿಲ್ಲ. ಮೊದಲ ವಾರ ಮಕ್ಕಳಿಗೆ ಖುಷಿ. ಎರಡನೇ ವಾರ ಟೀಚರಿಗೆ ತಮ್ಮ ಪಾಠದ ಜೊತೆಗೆ ಅವನನ್ನೂ ನೋಡಿಕೊಳ್ಳುವ ಕೆಲಸ. ಮೂರನೇ ವಾರ ಅವನು ಫೋಟೋ ತೆಗೆದುಕೊಂಡು ಹೊರಟ. ಮುಂದಿನ ತಿಂಗಳು ಇನ್ನೊಬ್ಬ ಬಂದು ಎ ಫಾರ್ ಆ್ಯಪಲ್‌ನಿಂದಲೇ ಪುನಃ ಶುರು ಮಾಡ್ತಾನೆ.

ನಮ್ಮ ಊರಿನ ಶಾಲೆಯಲ್ಲಿ ಹೀಗಾದರೆ ನಾವು ಒಪ್ಪುತ್ತೇವಾ? ಇಲ್ಲ ಅಂತಾದರೆ ಕಾಂಬೋಡಿಯಾದ ಅಥವಾ ಕೀನ್ಯಾದ ಶಾಲೆಯಲ್ಲಿ ಆ ಹುಡುಗನ ಜಾಗದಲ್ಲಿ ನಾವು ನಿಲ್ಲುವುದು ಸರಿಯಾಗುವುದು ಹೇಗೆ?

ಅನಾಥಾಶ್ರಮದ ವಿಷಯ ಇನ್ನೂ ಗಂಭೀರ. ಕಾಂಬೋಡಿಯಾ, ನೇಪಾಳದಂಥ ದೇಶಗಳಲ್ಲಿ ಇಂಥ ಆಶ್ರಮಗಳಲ್ಲಿರುವ ಬಹಳಷ್ಟು ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ ಅಂತ ಗೊತ್ತಾಗಿದೆ. ನೋಡಲು ಬರುವ ವಿದೇಶಿಯರು ಹೆಚ್ಚಾದ ಹಾಗೆ ಆಶ್ರಮಗಳೂ ಹೆಚ್ಚಾದವು, ಅವುಗಳನ್ನು ತುಂಬಿಸಲಿಕ್ಕೆ ಬಡವರ ಮಕ್ಕಳನ್ನು ಮನೆಯಿಂದ ಕರೆತಂದರು. ಎರಡು ವಾರಕ್ಕೊಬ್ಬ ಹೊಸ ಅಣ್ಣ, ಹೊಸ ಅಕ್ಕ ಬಂದು ಮುದ್ದು ಮಾಡಿ ಹೋಗುವುದು ಆ ಮಕ್ಕಳ ಮನಸ್ಸಿಗೂ ಒಳ್ಳೆಯದಲ್ಲ. ಅನಾಥಾಶ್ರಮದ ಪ್ರಾಜೆಕ್ಟ್ ಬಂದರೆ ಬೇಡ ಅನ್ನುವುದೇ ಸರಿ.

ಆರೋಗ್ಯದ ಪ್ರಾಜೆಕ್ಟಿಗೆ ನಿಯಮ ಸುಲಭ. ಇಲ್ಲಿ ನಮಗೆ ಮಾಡಲು ಅನುಮತಿ ಇಲ್ಲದ್ದನ್ನು ಅಲ್ಲಿಯೂ ಮಾಡಬಾರದು. ತುಂಬೆಯಲ್ಲಿ ಇಂಜೆಕ್ಷನ್ ಕೊಡ್ಲಿಕ್ಕಿಲ್ಲದವನು ತಾಂಜಾನಿಯಾದಲ್ಲೂ ಕೊಡ್ಲಿಕ್ಕಿಲ್ಲ. ಹಾಗಂತ ನಮ್ಮಿಂದ ಏನೂ ಆಗುವುದಿಲ್ಲ ಅಂತಲ್ಲ. ಎಂಜಿನಿಯರಿಂಗ್ ವರ್ಲ್ಡ್ ಹೆಲ್ತ್ ಎಂಬ ಸಂಸ್ಥೆ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನೇ ಕರೆದುಕೊಂಡು ಹೋಗಿ ಆಸ್ಪತ್ರೆಗಳಲ್ಲಿ ಕೆಟ್ಟು ಕೂತ ಉಪಕರಣಗಳನ್ನು ರಿಪೇರಿ ಮಾಡಿಸಿದೆ. ಮೊದಲ ತಿಂಗಳು ಭಾಷೆ ಮತ್ತು ತರಬೇತಿ, ಎರಡನೇ ತಿಂಗಳು ಆಸ್ಪತ್ರೆ. ಇಲ್ಲಿ ಕೆಲಸಕ್ಕೂ ಕಲಿತದ್ದಕ್ಕೂ ಸಂಬಂಧ ಉಂಟು.

27 ಗಂಟೆಯ ಆಟ

ಸಮುದಾಯದ ಪ್ರಾಜೆಕ್ಟುಗಳಲ್ಲಿ ನಮ್ಮಂಥವರು ನೆನಪಿಡಬೇಕಾದ ಕತೆ ಪ್ಲೇಪಂಪಿನದ್ದು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಐಡಿಯಾ. ಮಕ್ಕಳು ಕೂತು ತಿರುಗುವ ಆಟದ ಚಕ್ರವನ್ನೇ ಪಂಪಿಗೆ ಜೋಡಿಸುವುದು. ಮಕ್ಕಳು ಆಡಿದ ಹಾಗೆ ಬೋರ್‌ವೆಲ್ ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ. ಟ್ಯಾಂಕಿನ ಸುತ್ತ ಜಾಹೀರಾತು ಹಾಕಿ ಅದರ ದುಡ್ಡಲ್ಲಿ ರಿಪೇರಿ. ಕೇಳ್ಲಿಕ್ಕೆ ಎಷ್ಟು ಚಂದ! 2006ರಲ್ಲಿ ಅಮೆರಿಕದಲ್ಲಿ ಇದಕ್ಕೆ 1.64 ಕೋಟಿ ಡಾಲರ್ ನೆರವು ಘೋಷಣೆಯಾಯಿತು. 4,000 ಪಂಪು, 1 ಕೋಟಿ ಜನರಿಗೆ ನೀರು ಎಂಬ ಗುರಿ.

ಈಗ ಕ್ಯಾಲ್ಕುಲೇಟರ್ ತೆಗೆಯಿರಿ. ಒಂದು ಪಂಪಿಗೆ 2,500 ಜನ. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಅಂದರೂ 37,500 ಲೀಟರ್ ಬೇಕು. ಪಂಪು ಗಂಟೆಗೆ ಎತ್ತುವುದು ಹೆಚ್ಚೆಂದರೆ 1,400 ಲೀಟರ್. ಭಾಗಿಸಿದರೆ 26.8 ಗಂಟೆ. ಅಂದರೆ ಮಕ್ಕಳು ದಿನಕ್ಕೆ ಸುಮಾರು 27 ಗಂಟೆ ಆಡಬೇಕು! ದಿನದಲ್ಲಿ ಇರುವುದೇ 24.

ಆದದ್ದೂ ಹಾಗೆಯೇ. ಮಕ್ಕಳು ಇಲ್ಲದ ಹೊತ್ತಿನಲ್ಲಿ ಹೆಂಗಸರು ಆ ಚಕ್ರವನ್ನು ಕೈಯಿಂದ ತಿರುಗಿಸಬೇಕಾಯಿತು. ಕೆಲವು ಕಡೆ ಸರಿಯಾಗಿದ್ದ ಹ್ಯಾಂಡ್‌ಪಂಪನ್ನು ತೆಗೆದು ಇದನ್ನು ಕೂರಿಸಿದ್ದರು. ಕೆಟ್ಟರೆ ಊರಿನವರಿಗೆ ರಿಪೇರಿ ಗೊತ್ತಿರಲಿಲ್ಲ. ದುಡ್ಡು ಕೊಟ್ಟವರ ಮನಸ್ಸು ಕೆಟ್ಟದ್ದಾಗಿರಲಿಲ್ಲ. ಒಂದು ಭಾಗಾಕಾರ ಮಾಡಿರಲಿಲ್ಲ, ನೀರು ಹೊರುವವರನ್ನು ಕೇಳಿರಲಿಲ್ಲ, ಅಷ್ಟೆ. ಕೆನಡಾದ ಎಂಜಿನಿಯರ್ಸ್ ವಿದೌಟ್ ಬಾರ್ಡರ್ಸ್ ಇಂಥ ಪಾಠಗಳನ್ನು ಮುಚ್ಚಿಡಬಾರದು ಅಂತ ತಮ್ಮ ಸೋಲುಗಳದ್ದೇ ವರದಿ ಪ್ರಕಟಿಸಿದ್ದುಂಟು. ನಮ್ಮ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಅಂಥ ಅಧ್ಯಾಯ ಯಾರಾದರೂ ನೋಡಿದ್ದೀರಾ?

ನಮ್ಮ ಕಡೆಗೆ ಬಂದವರು

ನಮ್ಮ ಜಿಲ್ಲೆ ಹೊರದೇಶದವರನ್ನು ಬಹಳ ಹಿಂದಿನಿಂದ ಕಂಡಿದೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರು ಬಂದದ್ದು ಧರ್ಮಪ್ರಚಾರಕ್ಕೆ, ಇಂದಿನ ಅರ್ಥದ ಸ್ವಯಂಸೇವಕರಲ್ಲ. ಅದನ್ನು ಮರೆಯದೆ, ಅವರ ಕೆಲಸದ ಕ್ರಮವನ್ನು ಮಾತ್ರ ನೋಡುವಾ. ಕಿಟ್ಟೆಲ್ 1853ರಲ್ಲಿ ಬಂದರು, ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಮುದ್ರಣದ ತಂತ್ರಜ್ಞರಾಗಿದ್ದ ಪ್ಲೆಬ್‌ಸ್ಟ್ ಇಲ್ಲಿನ ನದಿ ದಡದ ಆವೆಮಣ್ಣನ್ನು ಪರೀಕ್ಷೆ ಮಾಡಿ, ಊರಿಗೆ ಹೋಗಿ ಹಂಚಿನ ತಂತ್ರ ಕಲಿತು ಬಂದು, 1865ರಲ್ಲಿ ಕಾರ್ಖಾನೆ ಶುರು ಮಾಡಿದರು. ಮಣ್ಣು ಇಲ್ಲಿಯದು, ಕೈಗಳು ಇಲ್ಲಿಯವು. ಅದಕ್ಕೇ ಮಂಗಳೂರು ಹಂಚು ಅವರು ಹೋದ ಮೇಲೂ ಉಳಿಯಿತು. ಜೆಸ್ವಿಟ್ ಪಾದ್ರಿ ಫಾದರ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಶುರು ಮಾಡಿದ ಹೋಮಿಯೋಪತಿ ಔಷಧಾಲಯ ಇಂದು ದೊಡ್ಡ ಆಸ್ಪತ್ರೆ. ಅವರು 1910ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಇದ್ದರು.

ನಾವು ಮೂವತ್ತು ವರ್ಷ ಇರ್ಲಿಕ್ಕಿಲ್ಲ, ಸರಿ. ಆದರೆ ಉಳಿದ ಕೆಲಸಗಳ ಹಿಂದೆ ಭಾಷೆ, ಸಮಯ, ಸ್ಥಳೀಯರ ಕೈ ಇತ್ತು. ಆರು ವಾರಕ್ಕೆ ಹೋಗುವವರು ಈ ಮೂರೂ ಇರುವ ತಂಡಕ್ಕೆ ಸಹಾಯಕರಾಗಿ ಸೇರಿಕೊಳ್ಳಬಹುದು.

ದುಡ್ಡು ಕಟ್ಟುವ ಮೊದಲು ಕೇಳಬೇಕಾದ್ದು

1. ಈ ಕೆಲಸ ಬೇಕು ಅಂತ ಕೇಳಿದ್ದು ಯಾರು? ಆ ಊರಿನವರಾ, ಏಜೆನ್ಸಿಯಾ?
2. ಇದೇ ಕೆಲಸವನ್ನು ಅಲ್ಲಿನವರಿಗೆ ಸಂಬಳ ಕೊಟ್ಟು ಮಾಡಿಸಬಹುದಿತ್ತಾ? ಗೋಡೆ ಕಟ್ಟಲಿಕ್ಕೆ ಅಲ್ಲಿಯೂ ಮೇಸ್ತ್ರಿ ಇದ್ದಾರೆ.
3. ನನಗೆ ಆ ಕೆಲಸ ಬರುತ್ತದಾ? ಬಾರದಿದ್ದರೆ ಕಲಿಸುವವರು ಯಾರು?
4. ನಾನು ಬಂದ ಮೇಲೆ ಅದನ್ನು ಮುಂದುವರಿಸುವವರು ಯಾರು?
5. ವೀಸಾ ಯಾವುದು? ಹಲವು ದೇಶಗಳಲ್ಲಿ ಸಂಬಳ ಇಲ್ಲದ ಕೆಲಸವೂ ಕೆಲಸವೇ. "ಟೂರಿಸ್ಟ್ ಅಂತ ಹೇಳಿ ಸಾಕು" ಅಂದರೆ ಅಲ್ಲೇ ನಿಲ್ಲಿಸಿ. ವಿಮೆ, ಲಸಿಕೆ, ತುರ್ತಿಗೆ ಫೋನ್ ಮಾಡಬೇಕಾದವರ ಹೆಸರು ಬರಹದಲ್ಲಿ ಇರಲಿ.

ಐದಕ್ಕೂ ನೇರ ಉತ್ತರ ಸಿಕ್ಕಿದರೆ ಧೈರ್ಯವಾಗಿ ಹೋಗಿ. ಹೋಗುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಬೇರೆ ದೇಶದ ಜನರ ಜೊತೆ ಬೆವರು ಸುರಿಸಿದರೆ ಕಲಿಯುವುದು ಬಹಳ ಉಂಟು.

ಉತ್ತರ ಸಿಗದಿದ್ದರೆ ಬೇರೆ ದಾರಿಗಳೂ ಇವೆ. ವಿಶ್ವಸಂಸ್ಥೆಯ ಆನ್‌ಲೈನ್ ಸ್ವಯಂಸೇವೆಗೆ 18 ತುಂಬಿದವರು ಅರ್ಜಿ ಹಾಕಬಹುದು. ಅನುವಾದ, ಡಿಸೈನ್, ವೆಬ್‌ಸೈಟ್ ಕೆಲಸಗಳನ್ನು ಹಾಸ್ಟೆಲಿನಲ್ಲಿ ಕೂತೇ ಮಾಡಬಹುದು, ಶುಲ್ಕ ಇಲ್ಲ. ಇನ್ನು ನಮ್ಮಲ್ಲಿಯೇ, 2019ರ ಆಗಸ್ಟ್ ನೆರೆಯಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ ಕಡೆ ಮನೆ ತೋಟಗಳಿಗೆ ಮರಳು, ಮರದ ದಿಮ್ಮಿ ನುಗ್ಗಿದಾಗ ಹಾರೆ ಹಿಡಿದು ಹೋದ ಸ್ವಯಂಸೇವಕರಿಗೆ ಅಲ್ಲಿನವರ ಭಾಷೆ ಗೊತ್ತಿತ್ತು, ದಾರಿ ಗೊತ್ತಿತ್ತು, ಮರುವಾರ ಪುನಃ ಹೋಗ್ಲಿಕ್ಕೂ ಆಗುತ್ತಿತ್ತು. ವಿಟಿಯುವಿನ 100 ಆಕ್ಟಿವಿಟಿ ಪಾಯಿಂಟ್ ಹೇಗೂ ಮಾಡಲೇಬೇಕು. ಅದನ್ನು ಬರೀ ಫೋಟೋ, ಸಹಿಯಲ್ಲಿ ಮುಗಿಸುವ ಬದಲು ಒಂದೇ ಶಾಲೆಗೆ ಒಂದು ವರ್ಷ ಪ್ರತಿ ಶನಿವಾರ ಹೋಗಿ ನೋಡಿ. ಬಿ.ಸಿ.ರೋಡಿನಿಂದ ಬೆಳ್ತಂಗಡಿಗೂ ಮೂಡುಬಿದಿರೆಗೂ ಬಸ್ಸು ಉಂಟು, ವೀಸಾ ಬೇಡ. ಒಂದು ವರ್ಷ ಹೀಗೆ ಹೋಗಿ ಬಂದವರಿಗೆ ಮೇಲಿನ ಐದು ಪ್ರಶ್ನೆಗಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ.