ಪುಕ್ಕಟೆ ಅಕ್ಕಿಯ ಖರ್ಚು

ಶಾಲೆಯ ಮಧ್ಯಾಹ್ನದೂಟಕ್ಕೆ ಅಕ್ಕಿಯನ್ನು ಕೇಂದ್ರ ಸರಕಾರವು ಪುಕ್ಕಟೆಯಾಗಿ ಕೊಡುತ್ತದೆ. ಮತ್ತೆ ಖರ್ಚೆಲ್ಲಿಯದು ಎಂದು ಕೇಳುವವರುಂಟು. ಲಕ್ಷ್ಮೀನಗರದ ನಮ್ಮ ಹೋಟೆಲು ಬಂಧುಗಳು ಹಾಗೆ ಕೇಳಲಾರರು. ಅಕ್ಕಿಯೊಂದೇ ಊಟವಲ್ಲವೆಂಬುದನ್ನು ಅವರು ಒಲೆಯ ಮುಂದೆಯೇ ಕಲಿತವರು.

ಪ್ರಾಥಮಿಕ ಶಾಲೆಯ ನೂರು ಮಕ್ಕಳಿಗೆ ನಿಯಮದಂತೆ 10 ಕಿಲೋ ಅಕ್ಕಿ, 2 ಕಿಲೋ ಬೇಳೆ, 5 ಕಿಲೋ ತರಕಾರಿ, ಅರ್ಧ ಕಿಲೋ ಎಣ್ಣೆ ಬೇಕು. ಅಕ್ಕಿಯ ಹೊರತು ಉಳಿದುದಕ್ಕೆಲ್ಲ, ಮಸಾಲೆ ಇಂಧನಗಳೂ ಸೇರಿ, 2025ರ ಮೇ 1ರಿಂದ ನಿಗದಿಯಾದದ್ದು ಮಗುವೊಂದಕ್ಕೆ 6 ರೂಪಾಯಿ 78 ಪೈಸೆ. ನೂರು ಮಕ್ಕಳಿಗೆ 678 ರೂಪಾಯಿ! ಇದರಲ್ಲಿ ಶೇಕಡಾ 60 ಕೇಂದ್ರದ್ದು, 40 ರಾಜ್ಯದ್ದು.

2022ರ ಅಕ್ಟೋಬರದಲ್ಲಿ ಗೊತ್ತಾದ 5 ರೂಪಾಯಿ 45 ಪೈಸೆಯ ದರವು 2024ರ ನವೆಂಬರ ಕಳೆಯುವವರೆಗೂ ಅಲುಗಲಿಲ್ಲ. ಬೇಳೆಯ ಧಾರಣೆಯು ಅಷ್ಟು ಕಾಲ ಕಾದೀತೇ? ನಾವಾದರೆ ಗೋಡೆಯ ದರಪಟ್ಟಿಯನ್ನು ತಿದ್ದಿಬಿಡುತ್ತೇವೆ. ಶಾಲೆಯಲ್ಲಿ ಆ ಪಟ್ಟಿಯೇ ಇಲ್ಲ. ಬೇಳೆ ತುಟ್ಟಿಯಾದ ದಿನ ಸಾರಿಗೆ ಇನ್ನೊಂದು ಚೊಂಬು ನೀರು ಬೀಳುವ ಭಯವಿದೆ.